ಸಣ್ಣ ವಿಶೇಷ ಶಾಲೆಯ ದಾಖಲಾತಿ ಮತ್ತು ಕಲಿಕೆ: ಕೊಡಗಿನವರ ಅನುಭವ ಬೇಕು

ಪ್ರಶ್ನೆ: ದಕ್ಷಿಣ ಕೊಡಗಿನಲ್ಲಿ ಬೌದ್ಧಿಕ ವಿಕಲತೆಯ ಮಕ್ಕಳ ಸಣ್ಣ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ನಾನು. ಜೂನ್‌ನಲ್ಲಿ ಹೆಸರು ಬರೆಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಕಾಫಿ ಕೊಯ್ಲಿನ ಹೊತ್ತಿಗೆ ಕಾಣೆಯಾಗುತ್ತಾರೆ. ಬರುವವರ ಕಲಿಕೆಯೂ ನಿಂತಲ್ಲೇ ನಿಂತಿದೆ. ಸಂಖ್ಯೆ ಹೆಚ್ಚಿಸಿ, ಫಲಿತಾಂಶ ತೋರಿಸಿ ಎಂದು ಆಡಳಿತ ಮಂಡಳಿಯವರ ಒತ್ತಾಯ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಿದ್ದಾಪುರ ಕಡೆಯ ವಿಶೇಷ ಶಿಕ್ಷಕ: ಮೇಡಂ, ಕರಪತ್ರ ಹಂಚುವ ಮೊದಲು ಹಾಜರಿ ಪುಸ್ತಕವನ್ನು ತಿಂಗಳುವಾರು ಬಿಡಿಸಿ ನೋಡಿ. ಜುಲೈ ಬಂದರೆ ಮಳೆ ರಜೆ. ನವೆಂಬರ್‌ನಿಂದ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ಇನ್ನೊಂದು ತಳಿ ರೊಬಸ್ಟಾದ್ದು. ಕೊಯ್ಲು ಮುಗಿಯುವವರೆಗೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಹಗಲು ದೊಡ್ಡವರು ಸಿಗುವುದಿಲ್ಲ. ಕೊಯ್ದ ಹಣ್ಣಿನ ತೂಕಕ್ಕೆ ಕೂಲಿ. ಮಗುವನ್ನು ಶಾಲೆಗೆ ಬಿಟ್ಟು ಬರಲು ತಾಯಿ ಬೆಳಗಿನ ಹೊತ್ತು ಕಳೆದರೆ ಅಷ್ಟು ಕಿಲೋ ಕೈಬಿಟ್ಟಂತೆ. ಪೋಷಕರಿಗೆ ಶಿಕ್ಷಣದ ಮಹತ್ವ ಗೊತ್ತಿಲ್ಲ ಎಂದು ಸಭೆಗಳಲ್ಲಿ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಹತ್ವ ಗೊತ್ತಿದೆ, ಕರೆದುಕೊಂಡು ಬರುವವರಿಲ್ಲ. 2023ರ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಒಳದಾರಿಗಳಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು.

ಬೆಳಿಗ್ಗೆ ಕಾರ್ಮಿಕರನ್ನು ತೋಟಕ್ಕೆ ಇಳಿಸಿ ಖಾಲಿ ಮರಳುವ ಜೀಪುಗಳವರನ್ನು ನಾವು ಹಿಡಿದೆವು. ಮರಳುವಾಗ ಲೈನ್ ಮನೆಗಳಿಂದ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾರೆ, ಸಂಜೆ ಕಾರ್ಮಿಕರನ್ನು ಕರೆತರಲು ಹೋಗುವಾಗ ಬಿಡುತ್ತಾರೆ. ಡೀಸೆಲ್ ಖರ್ಚಿನಲ್ಲಿ ತೋಟದ ಮಾಲೀಕರದೂ ಪಾಲಿದೆ. ಶಾಲೆಯ ಗಂಟೆಯನ್ನೇ ಜೀಪಿನ ಹೊತ್ತಿಗೆ ಹೊಂದಿಸಿಕೊಂಡೆವು. ಆಮೇಲೆ ಜನವರಿಯ ಹಾಜರಿ ಕುಸಿಯಲಿಲ್ಲ.

ಸೋಮವಾರಪೇಟೆಯ ನಿವೃತ್ತ ಸಂಪನ್ಮೂಲ ಶಿಕ್ಷಕಿ: ಜೀಪಿನ ಮಾತು ಸರಿ, ಆದರೆ ಅದು ಹೆಸರು ಬರೆಸಿದವರಿಗಾಯಿತು. ಶಾಲೆಯ ಮುಖವನ್ನೇ ನೋಡದ ಮಕ್ಕಳು ಎಲ್ಲಿದ್ದಾರೆಂದು ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅಂಗನವಾಡಿಗಳಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದವರ ಪರಿಚಯವನ್ನೂ ಇಟ್ಟುಕೊಳ್ಳಿ. ಅಂಗವಿಕಲರ ಗುರುತಿನ ಚೀಟಿ ಇಲ್ಲವೆಂದು ಯಾರನ್ನೂ ಹಿಂದಕ್ಕೆ ಕಳುಹಿಸಬೇಡಿ; ಮೊದಲು ಸೇರಿಸಿಕೊಳ್ಳಿ, ಆಮೇಲೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ಒಂದು ಕಟುಮಾತು. ಸಂಖ್ಯೆಗಾಗಿ, ಊರಿನ ಶಾಲೆಯಲ್ಲಿ ಹೇಗೋ ಹೊಂದಿಕೊಂಡಿರುವ ಮಗುವನ್ನು ಎಳೆದು ತರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಂ ಪ್ರಕಾರ, ಶೇ 40 ಅಥವಾ ಹೆಚ್ಚಿನ ವಿಕಲತೆಯ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಆಯ್ಕೆ ಮಗುವಿನ ಕಡೆಯವರದು, ಆಡಳಿತ ಮಂಡಳಿಯದಲ್ಲ.

ಕಲಿಕೆ ನಿಂತಿದೆ ಎಂದಿರಿ. ಯಾವ ಅಳತೆಗೋಲಿನಲ್ಲಿ? ಒಂದನೇ ತರಗತಿಯ ಪ್ರಶ್ನೆಪತ್ರಿಕೆ ಕೊಟ್ಟರೆ ಎಲ್ಲರೂ ನಿಂತೇ ಇರುತ್ತಾರೆ. ಸಿಕಂದರಾಬಾದಿನಲ್ಲಿರುವ, ಬೌದ್ಧಿಕ ವಿಕಲತೆಯವರಿಗಾಗಿನ ರಾಷ್ಟ್ರೀಯ ಸಂಸ್ಥೆ ಇಂಥ ಮಕ್ಕಳಿಗಾಗಿಯೇ ರೂಪಿಸಿದ ಮೌಲ್ಯಮಾಪನ ಪಟ್ಟಿ ಇದೆ. ಊಟ, ಶೌಚ, ಮಾತು, ಓದು, ಲೆಕ್ಕ ಎಲ್ಲ ಅದರಲ್ಲಿವೆ. ಕೈ ಹಿಡಿದು ಮಾಡಿಸಿದ್ದಕ್ಕೆ ಒಂದು ಗುರುತು, ಬಾಯಲ್ಲಿ ಹೇಳಿದಾಗ ಮಾಡಿದ್ದಕ್ಕೆ ಇನ್ನೊಂದು, ತಾನಾಗಿ ಮಾಡಿದ್ದಕ್ಕೆ ಮತ್ತೊಂದು. ಶೇ 80 ಸಾಧಿಸಿದ ಮಗು ಮುಂದಿನ ಗುಂಪಿಗೆ. ಮೂರು ತಿಂಗಳಿಗೊಮ್ಮೆ ಗುರುತು ಹಾಕಿ ಮಂಡಳಿಯ ಮುಂದಿಡಿ, ಅದೇ ಫಲಿತಾಂಶ.

ಗುರುತು ಹಾಕುವಾಗ ಮನೆಮಾತನ್ನು ಮರೆಯಬೇಡಿ. ಯರವ ಬುಡಕಟ್ಟಿನ ಹುಡುಗನೊಬ್ಬನ ಪುಟದಲ್ಲಿ 'ಬಣ್ಣ ತಿಳಿಯದು' ಎಂದು ಬರೆದಿತ್ತು. ಅವನ ಅಕ್ಕನನ್ನು ಕರೆಸಿ ಅವರ ಮಾತಿನಲ್ಲೇ ಕೇಳಿಸಿದೆ. ಹುಡುಗ ನೆಲದ ಮೇಲಿದ್ದ ಕಾಫಿ ಹಣ್ಣುಗಳಲ್ಲಿ ಕೆಂಪನ್ನು ಒಂದು ಕಡೆ, ಹಸಿರನ್ನು ಇನ್ನೊಂದು ಕಡೆ ಸರಿಸಿಟ್ಟ. ಅರೆಗೆಂಪಿನವನ್ನು ಕೈಯಲ್ಲೇ ಹಿಡಿದು ನಮ್ಮ ಮುಖ ನೋಡಿದ!

ಅಮ್ಮತ್ತಿಯ ತಾಯಿಯೊಬ್ಬರು: ಅಕ್ಕ, ಮಗಳ ಹಳೆಯ ಅಂಕಪಟ್ಟಿಯಲ್ಲಿ ಎಲ್ಲ ವಿಷಯಕ್ಕೂ 'ಸಾಧಾರಣ' ಎಂದಿರುತ್ತಿತ್ತು. ಅದನ್ನಿಟ್ಟುಕೊಂಡು ನಾನೇನು ಮಾಡಲಿ? ಈಗಿನ ಶಾಲೆಯವರು ತಿಂಗಳಿಗೊಂದು ಹಾಳೆ ಕಳುಹಿಸುತ್ತಾರೆ: 'ಸ್ವೆಟರಿನ ಕೆಳಗಿನ ಗುಂಡಿಗಳನ್ನು ತಾನೇ ಹಾಕುತ್ತಾಳೆ, ಕತ್ತಿನ ಬಳಿಯದಕ್ಕೆ ಸಹಾಯ ಬೇಕು.' ಮನೆಯಲ್ಲಿ ಏನು ಮಾಡಿಸಬೇಕೆಂದು ಅದರಿಂದ ತಿಳಿಯುತ್ತದೆ. ಅದನ್ನು ಓದಿಸಿ ಕೇಳಿದ ಮೇಲೆಯೇ ಪಕ್ಕದ ಮನೆಯವರು ತಮ್ಮ ಮಗನನ್ನು ಅಲ್ಲಿಗೆ ಸೇರಿಸಿದ್ದು. ಕರಪತ್ರ ನೋಡಿ ಯಾರೂ ಬರಲಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಜೀಪಿನಲ್ಲಿ ಕಳುಹಿಸಲು ಮಂಡಳಿಯವರು ಹೆದರುತ್ತಾರೆ. ಸರ್, ನೀವು ಹೇಗೆ ಒಪ್ಪಿಸಿದಿರಿ?

ಸಿದ್ದಾಪುರದ ಶಿಕ್ಷಕ: ಹೆದರುವುದು ನ್ಯಾಯವೇ. ಬಾಡಿಗೆಗೆ ಓಡಿಸಲು ಪರವಾನಗಿ ಇರುವ ಹಳದಿ ಫಲಕದ ಜೀಪನ್ನೇ ಗೊತ್ತುಮಾಡಿ, ವಿಮೆಯ ಪ್ರತಿಯನ್ನು ಶಾಲೆಯಲ್ಲಿಡಿ. ಹಿಂಬದಿಗೆ ಬಾಗಿಲು ಹಾಕಿಸಿ. ಆಯಾ ಇಲ್ಲದೆ ಜೀಪು ಹೊರಡಬಾರದು. ಫಿಟ್ಸ್ ಬರುವ ಮಗು ಅವರ ಪಕ್ಕದಲ್ಲೇ ಕೂರಲಿ. ಆನೆ ಓಡಾಟದ ಸುದ್ದಿಯಿರುವ ದಿನ ಹೊರಡುವ ಹೊತ್ತನ್ನು ಚಾಲಕರಿಗೇ ಬಿಡಿ, ಶಾಲೆಯಿಂದ ಫೋನ್ ಮಾಡಿ ಅವಸರಪಡಿಸಬೇಡಿ.