ಮುಳ್ಳಿಲ್ಲದ ಗಟ್ಟಿ ಬಿದಿರು: ಗಂಡು ಬಿದಿರೋ, ಮರಿಹಾಳವೋ?

ಪ್ರಶ್ನೆ: ಮಾನ್ಯರೇ, ಶಿರಸಿ ಸಮೀಪ ನಾವು ಕೊಂಡ ಅಡಿಕೆ ತೋಟದ ಅಂಚಿನಲ್ಲಿ ಹಿಂದಿನ ಮಾಲೀಕರು ನೆಟ್ಟ ಬಿದಿರಿನ ಮೆಳೆಯೊಂದಿದೆ. ಗಳಗಳಿಗೆ ಮುಳ್ಳಿಲ್ಲ, ದಪ್ಪ ಸುಮಾರು ಒಂದೂವರೆ ಇಂಚು, ಬುಡದ ತುಂಡನ್ನು ಕೊಯ್ದು ನೋಡಿದರೆ ಒಳಗೆ ಟೊಳ್ಳೇ ಇಲ್ಲ. ನರ್ಸರಿಯವರು ಗಂಡು ಬಿದಿರು ಎಂದರೆ, ಬುಟ್ಟಿ ಹೆಣೆಯುವ ಮೇದರೊಬ್ಬರು ಮರಿಹಾಳ ಎನ್ನುತ್ತಾರೆ. ಬದುವಿನುದ್ದಕ್ಕೂ ಇದನ್ನೇ ಬೆಳೆಸಬೇಕೆಂದಿರುವುದರಿಂದ ಗುರುತಿಸುವ ಬಗೆಯನ್ನು ದಯವಿಟ್ಟು ತಿಳಿಸಿ.

ಉತ್ತರ: ಮುಳ್ಳಿಲ್ಲದ ಮೇಲೆ ಹೆಬ್ಬಿದಿರಿನ ಮಾತು ಬೇಡ, ಅದರ ಕೆಳಗಿನ ಗೆಣ್ಣುಗಳಲ್ಲಿ ಬಾಗಿದ ಮುಳ್ಳುಗಳು ಕಾಣದೇ ಇರುವುದಿಲ್ಲ. ಉಳಿದ ಎರಡರ ನಡುವೆ ಗಟ್ಟಿತನವೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಗಂಡು ಬಿದಿರು, ಅಂದರೆ ಡೆಂಡ್ರೊಕೆಲಾಮಸ್ ಸ್ಟ್ರಿಕ್ಟಸ್, ಒಣನೆಲದಲ್ಲಿ ಗಟ್ಟಿಯಾಗಿ ಬೆಳೆದರೂ ತೇವ ಹೆಚ್ಚಿರುವ ಕಡೆ ಟೊಳ್ಳಾಗುತ್ತದೆ; ಮರಿಹಾಳದ ಬುಡವೂ ಬಹುತೇಕ ಗಟ್ಟಿಯೇ.

ಆದ್ದರಿಂದ ಮೊದಲು ಮೆಳೆಯನ್ನೇ ನಿಂತು ನೋಡಿ. ಗಂಡು ಬಿದಿರಿನ ಗಳಗಳು ಒತ್ತೊತ್ತಾಗಿ, ಹಲವು ಸೊಟ್ಟಗಾಗಿ ಬೆಳೆಯುತ್ತವೆ. ಗೆಣ್ಣು ಉಬ್ಬಿರುತ್ತದೆ, ಬುಡದ ಹತ್ತಿರದಿಂದಲೇ ಕವಲೊಡೆದು ಒಳಗೆ ಕೈ ಹಾಕುವುದೂ ಕಷ್ಟವಾಗುತ್ತದೆ. ಮರಿಹಾಳದ ಗಳಗಳು ನೆಟ್ಟಗಿದ್ದು ಒಂದರಿಂದೊಂದು ದೂರ ನಿಲ್ಲುತ್ತವೆ, ಕೆಳಭಾಗದಲ್ಲಿ ಕವಲು ವಿರಳ. ಕಡಿಯುವವರು ಇದನ್ನು ಮೆಚ್ಚುವುದಕ್ಕೆ ಇದೇ ಕಾರಣವಾಗಿರುವುದರಿಂದ ಆ ಮೇದರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಪ್ರಶ್ನೆ: ನಮ್ಮ ಗಳಗಳು ನೆಟ್ಟಗೇ ಇವೆ, ನಡುವೆ ಒಬ್ಬರು ನುಸುಳಿ ಹೋಗುವಷ್ಟು ತೆರಪಿದೆ. ಎಲೆಯ ಚಿತ್ರ ಕಳುಹಿಸಿದರೆ ಸಾಕೇ?

ಉತ್ತರ: ತಾವು ಹೇಳಿದ ಲಕ್ಷಣ ಮರಿಹಾಳದ ಕಡೆಗೇ ಇದೆ, ಆದರೆ ಎಲೆಯಿಂದ ಏನೂ ಹೇಳಲಾಗದು. ಮಳೆಗಾಲದಲ್ಲಿ ಕಳಲೆ ಎದ್ದಾಗ ಅದನ್ನು ಸುತ್ತಿರುವ ಹಾಳೆಯನ್ನು, ನಾಲ್ಕು-ಐದನೇ ಗೆಣ್ಣಿನಿಂದ, ಹರಿಯದಂತೆ ಬಿಡಿಸಿ ಒಳಮೈ ಮತ್ತು ಹೊರಮೈ ಎರಡರ ಚಿತ್ರವನ್ನೂ ಕಳುಹಿಸಿ. ಹಾಳೆಯ ತುದಿಯ ಅಲಗು, ಅದರ ಬುಡದ ಎರಡೂ ಬದಿಯ ಕಿವಿಯಂಥ ಭಾಗ, ಬೆನ್ನಿನ ರೋಮ ಇವು ಸ್ಪಷ್ಟವಾಗಿ ಕಾಣಲಿ. ಗಂಡು ಬಿದಿರಿನಲ್ಲಿ ಆ ಕಿವಿ ಎದ್ದು ಕಾಣುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಹುಡುಕುವುದಾದರೆ ಮರಿಹಾಳವನ್ನು ಸ್ಯೂಡಾಕ್ಸಿಟೆನಾಂಥೆರಾ ಸ್ಟಾಕ್ಸಿ ಎಂಬ ಹೆಸರಿನಲ್ಲಿ ನೋಡಿ. ಈಗಿನ ಹೆಸರು ಡೆಂಡ್ರೊಕೆಲಾಮಸ್ ಸ್ಟಾಕ್ಸಿ. ಅದಕ್ಕೆ ಬೀಜ ಸಿಗುವುದು ದುರ್ಲಭವಾದ್ದರಿಂದ ಗುರುತು ಖಚಿತವಾದ ಮೇಲೆ ಗೆಣ್ಣಿರುವ ತುಂಡುಗಳಿಂದಲೇ ಸಸಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಮೆಳೆಯನ್ನು ಕಡಿಯದೆ ಕಾಯಿರಿ.