ಮಳೆಗಾಲದಲ್ಲಿ ಕುದುರೆ ಬೆನ್ನಿನ ತುಂಬಾ ಹಕ್ಕಳೆ, ಬೇವಿನೆಣ್ಣೆ ಹಚ್ಚಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಸಕಲೇಶಪುರದ ಹತ್ತಿರ ನಮ್ಮ ತೋಟ. ಏಳು ವರ್ಷದ ಹೆಣ್ಣು ಕುದುರೆ ಇದೆ. ಮೂರು ವಾರದಿಂದ ಬಿಡದೆ ಮಳೆ. ಬೆನ್ನು, ಸೊಂಟದ ಮೇಲೆಲ್ಲ ಸಣ್ಣ ಹಕ್ಕಳೆ ಎದ್ದಿವೆ. ಎಳೆದರೆ ಕೂದಲ ಗೊಂಚಲೇ ಕಿತ್ತು ಬರುತ್ತದೆ, ಕೆಳಗೆ ಹಸಿಹಸಿ. ಕೆರೆತ ಇಲ್ಲ, ಆದರೆ ಮುಟ್ಟಿದರೆ ನೋವು. ಪಕ್ಕದ ತೋಟದವರು ಹುಳುಕಡ್ಡಿ ಅಂದರು. ಬೇವಿನೆಣ್ಣೆಗೆ ಅರಿಶಿನ ಕಲಸಿ ನಾಲ್ಕು ದಿನ ಹಚ್ಚಿದೆವು. ಇನ್ನೂ ಜಾಸ್ತಿ ಆಗಿದೆ.

ಉತ್ತರ: ನಮಸ್ಕಾರ. ಮೊದಲು ಎಣ್ಣೆ ನಿಲ್ಲಿಸಿ. ನೀವು ಹೇಳಿದ್ದು ನೋಡಿದರೆ ಹುಳುಕಡ್ಡಿಗಿಂತ ಮಳೆಯ ಚರ್ಮರೋಗ ಅನಿಸುತ್ತದೆ. ಹುಳುಕಡ್ಡಿ ಶಿಲೀಂಧ್ರದಿಂದ ಬರುತ್ತದೆ, ಸಾಮಾನ್ಯವಾಗಿ ದುಂಡಗೆ ಕೂದಲು ಉದುರುತ್ತದೆ. ಇದು ಡರ್ಮಟೋಫಿಲಸ್ ಕಾಂಗೋಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. 1915ರಲ್ಲಿ ಕಾಂಗೋದ ದನಗಳಲ್ಲಿ ಗುರುತಿಸಿದ್ದರಿಂದ ಆ ಹೆಸರು. ಕಿತ್ತು ಬಂದ ಗೊಂಚಲು ಪೇಂಟ್ ಬ್ರಷ್ ಥರ ಕಾಣುತ್ತದೆ, ಅಲ್ವಾ? ಅದೇ ಇದರ ಗುರುತು. ಖಚಿತ ಆಗಬೇಕಾದರೆ ಒಂದು ಹಕ್ಕಳೆಯನ್ನು ಪಶು ಆಸ್ಪತ್ರೆಗೆ ಕೊಡಿ. ಮೈಕ್ರೋಸ್ಕೋಪಿನಲ್ಲಿ ಈ ಬ್ಯಾಕ್ಟೀರಿಯಾ ರೈಲು ಹಳಿಯ ಹಾಗೆ ಜೋಡಿ ಸಾಲಾಗಿ ಕಾಣುತ್ತದೆ.

ಇದು ಹಕ್ಕಳೆಯೊಳಗೆ ತಿಂಗಳುಗಟ್ಟಲೆ ಸುಮ್ನೆ ಬದುಕಿರುತ್ತದೆ. ಚರ್ಮ ನೆನೆದು ಮೆತ್ತಗಾದಾಗ, ನೊಣ ಕಚ್ಚಿದ ಕಡೆ, ಜೀನು ಉಜ್ಜಿದ ಕಡೆ ಒಳಗೆ ಇಳಿಯುತ್ತದೆ. ಎಣ್ಣೆ ಹಚ್ಚಿದರೆ ಆ ತೇವಕ್ಕೆ ಮುಚ್ಚಳ ಹಾಕಿದ ಹಾಗೆ. ನಿಮ್ಮ ಕುದುರೆಗೆ ಈಗ ಬೇಕಿರುವ ದೊಡ್ಡ ಔಷಧಿ ಒಣ ಚರ್ಮ.

2% ಕ್ಲೋರ್‌ಹೆಕ್ಸಿಡಿನ್ ಶಾಂಪೂ ತನ್ನಿ. ಹದ ಬಿಸಿನೀರಿನಲ್ಲಿ ತೊಳೆದು, ನೊರೆಯನ್ನು ಹತ್ತು ನಿಮಿಷ ಹಾಗೇ ಬಿಡಿ. ಈ ಹತ್ತು ನಿಮಿಷ ತಪ್ಪಿಸಬೇಡಿ. ಆಮೇಲೆ ಸಡಿಲವಾದ ಹಕ್ಕಳೆಗಳನ್ನು ಮಾತ್ರ ಬೆರಳಿನಿಂದ ಬಿಡಿಸಿ. ಗಟ್ಟಿಯಾಗಿ ಕೂತಿದ್ದನ್ನು ಕೀಳಬೇಡಿ, ತುಂಬಾ ನೋಯುತ್ತದೆ, ನಾಳೆ ತಾನೇ ಬರುತ್ತದೆ. ಬಿದ್ದ ಹಕ್ಕಳೆಯನ್ನೆಲ್ಲ ಆರಿಸಿ ಸುಟ್ಟುಬಿಡಿ. ಚೆನ್ನಾಗಿ ತೊಳೆದು, ಟವೆಲ್‌ನಿಂದ ಒತ್ತಿ ಒರೆಸಿ, ಗಾಳಿಯಾಡುವ ಲಾಯದಲ್ಲಿ ಕಟ್ಟಿ. ಒಂದು ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ. ಒಣಗಿಸಲು ಆಗದ ದಿನ ತೊಳೆಯಲೇಬೇಡಿ. ವಾಸಿಯಾಗುವವರೆಗೆ ಜೀನು ಬೇಡ.

ಪ್ರಶ್ನೆ: ಮೆಡಿಕಲ್‌ನಿಂದ ಪೆನಿಸಿಲಿನ್ ತಂದು ನಾವೇ ಚುಚ್ಚಬಹುದಾ? ಇನ್ನೊಂದು ಕುದುರೆಗೂ ಹಬ್ಬುತ್ತದಾ?

ಉತ್ತರ: ದಯವಿಟ್ಟು ಚುಚ್ಚಬೇಡಿ. ಇದಕ್ಕೆ ಪೆನಿಸಿಲಿನ್ ಕೆಲಸ ಮಾಡುತ್ತದೆ ನಿಜ. ಆದರೆ ಹೆಚ್ಚಿನ ಕುದುರೆಗಳು ತೊಳೆದು ಒಣಗಿಸಿದರೇ ಗುಣವಾಗುತ್ತವೆ. ಮೈತುಂಬಾ ಹರಡಿದರೆ, ಜ್ವರ ಬಂದರೆ ಡಾಕ್ಟರ್ ನೋಡಿಯೇ ಕೊಡಬೇಕು.

ಹಬ್ಬುತ್ತದೆ. ಬ್ರಷ್, ಜೀನಿನ ಅಡಿ ಹಾಕುವ ಬಟ್ಟೆ, ಟವೆಲ್ ಒಂದೊಂದು ಕುದುರೆಗೂ ಬೇರೆ ಇರಲಿ, ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮನುಷ್ಯರಿಗೂ ಅಪರೂಪಕ್ಕೆ ಅಂಟುತ್ತದೆ. ಗ್ಲೌಸ್ ಹಾಕಿಕೊಳ್ಳಿ.

ಕಾಲನ್ನೂ ದಿನಾ ನೋಡಿ. ಗೊರಸಿಗಿಂತ ಸ್ವಲ್ಪ ಮೇಲೆ, ಕಾಲಿನ ಹಿಂಬದಿಯ ಕುಳಿಯಲ್ಲಿ ಇದೇ ರೋಗ ಬರುತ್ತದೆ. ಸಂಜೆ ಪೈಪು ಹಿಡಿದು ಕೆಸರು ತೊಳೆದು ಒದ್ದೆ ಕಾಲಲ್ಲೇ ಕಟ್ಟುವ ಅಭ್ಯಾಸ ಬಹಳ ಜನರಿಗಿದೆ. ಅದರ ಬದಲು ಕೆಸರು ಒಣಗಲು ಬಿಟ್ಟು, ಮೆತ್ತನೆ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕಾಲು ಊದಿ ಬಿಸಿಯಾಗಿದ್ದರೆ, ಕುಂಟುತ್ತಿದ್ದರೆ ಶಾಂಪೂ ನಂಬಿ ಕೂರಬೇಡಿ. ಅವತ್ತೇ ಡಾಕ್ಟರನ್ನು ಕರೆಸಿ.