ಇಕ್ಥಿಯೋಸಾರ್ ಬೆನ್ನುಮೂಳೆ ಪುಡಿಯಾಗ್ತಿದೆ, ಉಳಿಸೋದು ಹೇಗೆ?

ಕಡಲಕಲ್ಲು:
ಎರಡು ವರ್ಷದ ಹಿಂದೆ ಇಂಗ್ಲೆಂಡಿನ ಚಾರ್ಮೌತ್ ಬೀಚಿನಲ್ಲಿ ಸಿಕ್ಕಿದ ಇಕ್ಥಿಯೋಸಾರ್ (ಡೈನೋಸಾರ್ ಕಾಲದ ಕಡಲ ಸರೀಸೃಪ) ಬೆನ್ನುಮೂಳೆಯ ಪಳೆಯುಳಿಕೆ, ಒಂದೇ ಬಿಲ್ಲೆ. ಕೇರಂ ಸ್ಟ್ರೈಕರ್‌ಗಿಂತ ಸ್ವಲ್ಪ ದೊಡ್ಡದು, ಎರಡೂ ಬದಿ ಗುಂಡಿ. ಬಾತ್‌ರೂಮ್ ಪಕ್ಕದ ಶೆಲ್ಫಿನಲ್ಲಿಟ್ಟಿದ್ದೆ. ಈಗ ಮೈಮೇಲೆ ಬಿಳಿ ಪುಡಿ ಏಳ್ತಿದೆ, ಬಿರುಕೂ ಬಿಟ್ಟಿದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ ನೋಡಿದೆ, ನಿಲ್ಲಲಿಲ್ಲ. ಸಮುದ್ರದ ಉಪ್ಪಾ ಇದು? ನೀರಲ್ಲಿ ನೆನೆಸಲಾ?

ಹಳೇಮೂಳೆ:
ತಡೀರಿ, ನೀರು ಮುಟ್ಟಿಸಬೇಡಿ! ವಾಸನೆ ಹೇಗಿದೆ? ಕೆಳಗೆ ಚೀಟಿ ಇಟ್ಟಿದ್ರೆ ಅದರ ಸ್ಥಿತಿ ಏನು?

ಕಡಲಕಲ್ಲು:
ಗಂಧಕದ ಥರ ಹುಳಿ ಘಾಟು. ಚೀಟಿ ಕಂದು ತಿರುಗಿ, ಸೀದ ಹಪ್ಪಳದ ಹಾಗೆ ಮುಟ್ಟಿದರೆ ಮುರೀತದೆ.

ಹಳೇಮೂಳೆ:
ಹಾಗಾದ್ರೆ ಉಪ್ಪಲ್ಲ ಸರ್, ಪೈರೈಟ್ ರೋಗ. ಪೈರೈಟ್ ಅಂದ್ರೆ ಕಬ್ಬಿಣ, ಗಂಧಕ ಸೇರಿದ ಖನಿಜ. ಉಪ್ಪು ಕಾಗದ ಸುಡಲ್ಲ. ಜುರಾಸಿಕ್ ಕಾಲದಲ್ಲಿ ಅಲ್ಲಿನ ಕಡಲತಳದ ಕೆಸರಲ್ಲಿ ಆಮ್ಲಜನಕ ಕಮ್ಮಿ. ಬ್ಯಾಕ್ಟೀರಿಯಾ ಮಾಡಿದ ಸಲ್ಫೈಡ್ ಕಬ್ಬಿಣದ ಜೊತೆ ಸೇರಿ ಮೂಳೆಯ ಸಂದಿಗಳಲ್ಲಿ ಪೈರೈಟ್ ಆಗಿ ಕೂತಿದೆ. ಅದಕ್ಕೆ ತೇವ, ಗಾಳಿ ಸಿಕ್ಕಿದ್ರೆ ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಹುಟ್ಟುತ್ತೆ. ಸಲ್ಫೇಟ್ ಜಾಸ್ತಿ ಜಾಗ ಬೇಡುತ್ತೆ, ಮೂಳೆ ಒಳಗಿಂದಲೇ ಸೀಳುತ್ತೆ. ಬಾತ್‌ರೂಮ್ ಪಕ್ಕ ಇಟ್ಟಿದ್ದು, ಬೇಜಾರಾಗ್ಬೇಡಿ, ರೋಗಕ್ಕೆ ಊಟ ಹಾಕಿದ ಹಾಗೆ.

ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ಮಾಸ್ಕ್, ಗ್ಲೌಸ್ ಹಾಕ್ಕೊಂಡು ಒಣ ಬ್ರಶ್‌ನಿಂದ ಪುಡಿ ಉಜ್ಜಿ. ನೇಲ್ ಪಾಲಿಶನ್ನ ಅಸಿಟೋನ್‌ನಲ್ಲಿ ತೆಗೀರಿ, ಅದು ಆಮ್ಲವನ್ನ ಒಳಗೇ ಕೂಡಿಹಾಕಿದೆ. ಆಮೇಲೆ ಗಾಳಿಯಾಡದ ಡಬ್ಬಿ, ತೇವ ಹೀರೋ ಸಿಲಿಕಾ ಜೆಲ್, ತೇವಾಂಶ ಅಳೆಯೋ ಒಂದು ಪುಟ್ಟ ಹೈಗ್ರೋಮೀಟರ್. ತೇವಾಂಶ 40% ದಾಟಬಾರದು. ಮ್ಯೂಸಿಯಂನವರು ಆಮ್ಲ ತಟಸ್ಥ ಮಾಡೋಕೆ ಎಥನಾಲಮೀನ್ ಥಯೋಗ್ಲೈಕೊಲೇಟ್ ಅಥವಾ ಅಮೋನಿಯಾ ಹಬೆ ಬಳಸ್ತಾರೆ. ಅದು ಮನೆಯಲ್ಲಿ ಮಾಡೋ ಕೆಲಸ ಅಲ್ಲ. ಪೂರ್ತಿ ಒಣಗಿದ ಮೇಲೆ ಬೇಕಾದ್ರೆ ಪ್ಯಾರಾಲಾಯ್ಡ್ ಬಿ-72 (ಪಳೆಯುಳಿಕೆ ಗಟ್ಟಿ ಮಾಡೋ ಅಕ್ರಿಲಿಕ್ ರಾಳ) ತೆಳ್ಳಗೆ ಕೊಡಿ. ಬಿರುಕು ಹಿಡಿದುಕೊಳ್ಳುತ್ತೆ, ರೋಗ ವಾಸಿ ಮಾಡಲ್ಲ.

ಅಮ್ಮೋನೈಟ್_ಅಜ್ಜಿ:
ಹೊಸ ಚೀಟಿ ಪೆನ್ಸಿಲಲ್ಲಿ ಬರೆದು ಪ್ಲಾಸ್ಟಿಕ್ ಕವರಲ್ಲಿ ಹಾಕಪ್ಪ. ಎಲ್ಲಿ ಸಿಕ್ಕಿದ್ದು, ಯಾವತ್ತು ಅನ್ನೋದು ಹೋದರೆ ಮೂಳೆ ಉಳಿದರೂ ಅರ್ಧ ಹೋದ ಹಾಗೆ.

ಕಡಲಕಲ್ಲು:
ಮೂರು ವಾರ ಆಯ್ತು. ಅಸಿಟೋನ್ ಹಾಕುವಾಗ ಬಿರುಕಿನ ಜಾಗದಲ್ಲೇ ಎರಡು ಹೋಳಾಯ್ತು, ಹೊಟ್ಟೆ ಉರೀತು. ಮೀಟರ್ ಈಗ 37%, ಹೊಸ ಪುಡಿ ಇಲ್ಲ. ಆದರೆ ಕಿತ್ತಳೆ ಬಣ್ಣದ ಜೆಲ್ ಆಗಲೇ ಹಸಿರಾಗಿದೆ?

ಹಳೇಮೂಳೆ:
ನೀರು ಕುಡಿದು ತುಂಬಿದೆ ಅಂತ ಅರ್ಥ. ಪ್ಯಾಕೆಟ್ ಮೇಲಿನ ಸೂಚನೆಯಂತೆ ಒಣಗಿಸಿ ಮತ್ತೆ ಹಾಕಿ. ಅಡುಗೆ ತಟ್ಟೆಯಲ್ಲಿ ಮಾತ್ರ ಬೇಡ. ಹೋಳುಗಳನ್ನ ಇನ್ನೊಂದು ತಿಂಗಳು ಅಂಟಿಸೋಕೆ ಹೋಗಬೇಡಿ.